ಜಿಆರ್‌ಇ ಕುಗ್ಗಿತು, ಕಾಲೇಜಿನ ಹೆಸರು ಹಿಗ್ಗಿತು

ಪದವಿ ಮುಗಿಸಿ ಅಮೆರಿಕದಲ್ಲಿ ಎಂ.ಎಸ್. ಅಥವಾ ಪಿಎಚ್.ಡಿ. ಮಾಡಬೇಕೆನ್ನುವವರು ಬರೆಯುವ ಜಿಆರ್‌ಇ ಪರೀಕ್ಷೆ 2023ರ ಸೆಪ್ಟೆಂಬರ್ 22ರಿಂದ ಒಂದು ಗಂಟೆ 58 ನಿಮಿಷಕ್ಕೆ ಇಳಿದಿದೆ. ಅದಕ್ಕೆ ಮೊದಲು ಮೂರೂಮುಕ್ಕಾಲು ಗಂಟೆ ಕಂಪ್ಯೂಟರ್ ಮುಂದೆ ಕೂರಬೇಕಿತ್ತು. ಫಲಿತಾಂಶವೂ ಈಗ ಎಂಟರಿಂದ ಹತ್ತು ದಿನಗಳೊಳಗೆ ಕೈಸೇರುತ್ತದೆ. ಸುದ್ದಿ ಬಂದಾಗ ಇಲ್ಲಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಖುಷಿಪಟ್ಟರು, ಅದು ಸಹಜವೇ. ಆದರೆ ಪರೀಕ್ಷೆ ಬದಲಾಗಿರುವುದು ಗಡಿಯಾರದಲ್ಲಿ ಮಾತ್ರವಲ್ಲ. ಪ್ರವೇಶದ ಲೆಕ್ಕಾಚಾರದಲ್ಲಿ ಅದಕ್ಕಿದ್ದ ಜಾಗವೇ ಬದಲಾಗಿದೆ. ಚಿಕ್ಕ ಊರಿನ, ಹೆಸರು ಕೇಳದ ಕಾಲೇಜಿನಲ್ಲಿ ಓದಿದವರಿಗೆ ಆ ಎರಡನೆಯ ಬದಲಾವಣೆ ಹೆಚ್ಚು ತಟ್ಟುತ್ತದೆ.

ಮೊದಲು ಗಡಿಯಾರದ ಮಾತು. ಹಳೆಯ ಪರೀಕ್ಷೆಯಲ್ಲಿ ವರ್ಬಲ್ (ಭಾಷೆ) ಎರಡು ವಿಭಾಗ, ಕ್ವಾಂಟ್ (ಗಣಿತ) ಎರಡು ವಿಭಾಗ, ಒಂದೊಂದರಲ್ಲೂ 20 ಪ್ರಶ್ನೆ. ಜೊತೆಗೆ ಎರಡು ಪ್ರಬಂಧ, ಅಂಕಕ್ಕೆ ಸೇರದ ಒಂದು ಪ್ರಾಯೋಗಿಕ ವಿಭಾಗ, ನಡುವೆ ಹತ್ತು ನಿಮಿಷದ ಬಿಡುವು. ಈಗ ಪ್ರಾಯೋಗಿಕ ವಿಭಾಗವಿಲ್ಲ, ಬಿಡುವಿಲ್ಲ, ಒಂದು ಪ್ರಬಂಧ ಹೋಗಿದೆ, ವರ್ಬಲ್‌ನಲ್ಲಿ 27 ಮತ್ತು ಕ್ವಾಂಟ್‌ನಲ್ಲಿ 27 ಪ್ರಶ್ನೆ ಉಳಿದಿವೆ. ಒಂದು ಪ್ರಶ್ನೆಗೆ ಸಿಗುವ ಸಮಯ ಮಾತ್ರ ಹೆಚ್ಚುಕಮ್ಮಿ ಹಿಂದಿನಷ್ಟೇ ಇದೆ. ಕ್ವಾಂಟ್‌ನಲ್ಲಿ ಹಿಂದೆ 20 ಪ್ರಶ್ನೆಗೆ 35 ನಿಮಿಷ ಇತ್ತು, ಈಗ ಮೊದಲ ವಿಭಾಗದ 12 ಪ್ರಶ್ನೆಗೆ 21 ನಿಮಿಷ. ಲೆಕ್ಕ ಹಾಕಿದರೆ ಎರಡೂ ಕಡೆ ಪ್ರಶ್ನೆಗೆ ಒಂದೂಮುಕ್ಕಾಲು ನಿಮಿಷವೇ. ಅಂದರೆ ಕಡಿಮೆಯಾದದ್ದು ಆಯಾಸ, ಅವಸರವಲ್ಲ.

ಇನ್ನೊಂದು ಸಂಗತಿಯನ್ನು ಕೋಚಿಂಗ್ ಜಾಹೀರಾತುಗಳು ಅಷ್ಟಾಗಿ ಹೇಳುವುದಿಲ್ಲ. ಮೊದಲ ವಿಭಾಗದಲ್ಲಿ ನೀವು ಹೇಗೆ ಉತ್ತರಿಸಿದಿರಿ ಎಂಬುದನ್ನು ನೋಡಿ ಎರಡನೆಯ ವಿಭಾಗ ಸುಲಭದ್ದೋ ಕಷ್ಟದ್ದೋ ಎಂದು ಕಂಪ್ಯೂಟರ್ ನಿರ್ಧರಿಸುತ್ತದೆ. ಸುಲಭದ ವಿಭಾಗ ಬಂದವರು ಅಲ್ಲಿ ಎಷ್ಟೇ ಚೆನ್ನಾಗಿ ಮಾಡಿದರೂ ತುತ್ತತುದಿಯ ಅಂಕ ಸಿಗದು. ಹಿಂದೆ ಆ ತೀರ್ಮಾನಕ್ಕೆ 20 ಪ್ರಶ್ನೆಗಳ ಆಧಾರವಿತ್ತು, ಈಗ ಇರುವುದು 12. ಅಂಕದ ಮಾಪನ ಮಾತ್ರ ಅದೇ 130ರಿಂದ 170. ಹಾಗಾಗಿ ಗಾಬರಿಯಲ್ಲಿ ಆರಂಭದಲ್ಲೇ ಎರಡು ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟವರಿಗೆ ಸಾವರಿಸಿಕೊಳ್ಳಲು ಜಾಗ ಕಡಿಮೆ. ಮೊದಲ ಸಲ ಇಂಥ ಪರೀಕ್ಷಾ ಕೇಂದ್ರದೊಳಗೆ ಕಾಲಿಡುವ ಹುಡುಗ ಹುಡುಗಿಯರಿಗೆ ಆ ಮೊದಲ ವಿಭಾಗವೇ ಅತಿ ಕಷ್ಟದ್ದು. ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆ ಉಚಿತವಾಗಿ ಕೊಡುವ ಎರಡು ಪವರ್‌ಪ್ರೆಪ್ ಮಾದರಿ ಪರೀಕ್ಷೆಗಳನ್ನು ಮನೆಯಲ್ಲಿ ನಡುವೆ ಏಳದೆ, ಪೂರ್ತಿ ಗಂಭೀರವಾಗಿ ಬರೆದು ನೋಡುವುದು ಹಿಂದೆಂದಿಗಿಂತ ಈಗ ಅಗತ್ಯ.

ಕೈಬಿಟ್ಟದ್ದರಲ್ಲಿ ನನಗೆ ನಿಜವಾಗಿ ನಷ್ಟ ಎನಿಸುವುದು ಆ ಎರಡನೆಯ ಪ್ರಬಂಧ. ಜಿಆರ್‌ಇಗೆ ಪ್ರಬಂಧಗಳು ಬಂದದ್ದು 2002ರಲ್ಲಿ. ಮೊದಲನೆಯದರಲ್ಲಿ ಒಂದು ವಿಷಯದ ಬಗ್ಗೆ ನಿಮ್ಮ ನಿಲುವು ಬರೆಯಬೇಕು, ಅದು ಈಗಲೂ ಇದೆ. ಎರಡನೆಯದರಲ್ಲಿ ಬೇರೆಯವರ ವಾದವೊಂದನ್ನು ಕೊಟ್ಟು, ಅದರಲ್ಲಿ ಎಲ್ಲೆಲ್ಲಿ ತೂತಿದೆ ಎಂದು ಕೇಳುತ್ತಿದ್ದರು. ಉದಾಹರಣೆಗೆ ಇಂಥದ್ದೊಂದು ವಾದ ಇರಬಹುದು: ಒಂದು ಊರಿನ ಮುಖ್ಯರಸ್ತೆಯಲ್ಲಿ ಹೊಸ ದೀಪ ಹಾಕಿದ ವರ್ಷ ಅಪಘಾತ ಕಡಿಮೆಯಾಯಿತು, ಆದ್ದರಿಂದ ಎಲ್ಲ ರಸ್ತೆಗೂ ದೀಪ ಹಾಕಿಸಬೇಕು. ಅದೇ ವರ್ಷ ಬೈಪಾಸ್ ತೆರೆದಿತ್ತೇ? ಅಪಘಾತಗಳು ಆಗುತ್ತಿದ್ದುದು ರಾತ್ರಿಯೋ ಹಗಲೋ? ಒಂದೇ ವರ್ಷದ ಅಂಕಿ ಸಾಕೇ? ಹೀಗೆ ಕೇಳುವುದಕ್ಕೆ ದೊಡ್ಡ ಇಂಗ್ಲಿಷ್ ಬೇಕಿಲ್ಲ, ತಾಳ್ಮೆಯಿಂದ ಯೋಚಿಸಬೇಕು. ಸಂಶೋಧನೆಗೆ ಹೊರಟವರ ದಿನನಿತ್ಯದ ಕೆಲಸವೇ ಅದು. ನಮ್ಮ ಎಂಜಿನಿಯರಿಂಗ್ ಪಠ್ಯಕ್ರಮದಲ್ಲಿ ಇಂಥ ಅಭ್ಯಾಸ ಅಪರೂಪ. ಜಿಆರ್‌ಇ ನೆಪದಲ್ಲಾದರೂ ಸಾವಿರಾರು ಮಂದಿ ಒಂದಷ್ಟು ವಾರ ಅದನ್ನು ಕಲಿಯುತ್ತಿದ್ದರು. ಆ ನೆಪ ಈಗ ಇಲ್ಲ.

ಈ ಪರೀಕ್ಷೆ ಹಿಂದೆಯೂ ಸುಮ್ಮನೆ ನಿಂತದ್ದಲ್ಲ. 1936ರಲ್ಲಿ ಕಾರ್ನೆಗಿ ಪ್ರತಿಷ್ಠಾನ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾಗಳ ಜೊತೆ ಸೇರಿ ಇದನ್ನು ಪ್ರಯೋಗವಾಗಿ ಆರಂಭಿಸಿತು. 1948ರಲ್ಲಿ, ಆಗಷ್ಟೇ ಹುಟ್ಟಿದ್ದ ಇಟಿಎಸ್ ಇದರ ಹೊಣೆ ಹೊತ್ತಿತು. 1990ರ ದಶಕದ ಆರಂಭದಲ್ಲಿ ಕಂಪ್ಯೂಟರ್ ಬಂತು. ಒಂದು ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಷ್ಟದ್ದು, ತಪ್ಪಾದರೆ ಸುಲಭದ್ದು. ಹಿಂದಕ್ಕೆ ಹೋಗಿ ತಿದ್ದುವಂತಿರಲಿಲ್ಲ. ಪ್ರಶ್ನೆಗಳ ಭಂಡಾರ ಚಿಕ್ಕದಾಗಿದ್ದರೆ ಕಂಠಪಾಠ ಮಾಡಿ ಹೊರತರಬಹುದು ಎಂಬುದನ್ನು 1994ರಲ್ಲಿ ಕ್ಯಾಪ್ಲನ್ ಕೋಚಿಂಗ್ ಕಂಪನಿ ತನ್ನವರನ್ನೇ ಕಳುಹಿಸಿ ತೋರಿಸಿಕೊಟ್ಟಿತು. ಇಟಿಎಸ್ ಕೋರ್ಟಿಗೆ ಹೋಯಿತು. 2002ರಲ್ಲಿ ಚೀನಾ, ತೈವಾನ್, ದಕ್ಷಿಣ ಕೊರಿಯಾಗಳಲ್ಲಿ ಪ್ರಶ್ನೆಗಳು ಅಂತರ್ಜಾಲದಲ್ಲಿ ಹಂಚಿಕೆಯಾಗುತ್ತಿವೆ ಎಂದು ಗೊತ್ತಾಗಿ ಅಲ್ಲಿ ಮತ್ತೆ ಕಾಗದದ ಪರೀಕ್ಷೆಗೆ ಮರಳಬೇಕಾಯಿತು. ನಾಲ್ಕು ಗಂಟೆ ಮೀರುವ ಹೊಸ ಮಾದರಿಯೊಂದನ್ನು ತರುತ್ತೇವೆಂದು ಹೇಳಿ, 2007ರಲ್ಲಿ ಅದನ್ನು ಪೂರ್ತಿ ಕೈಬಿಟ್ಟದ್ದೂ ಉಂಟು.

ನಮ್ಮವರಿಗೆ ಅತಿ ದೊಡ್ಡ ನಿರಾಳ ತಂದದ್ದು 2011ರ ಆಗಸ್ಟ್‌ನ ಬದಲಾವಣೆ. ಅಲ್ಲಿಯತನಕ ವಿರುದ್ಧಪದ, ಪದಸಾಮ್ಯದ ಪ್ರಶ್ನೆಗಳು ಇದ್ದವು. ಬ್ಯಾರನ್ಸ್ ಪುಸ್ತಕದ 3,500 ಪದಗಳ ಪಟ್ಟಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಿಂದ ಹಾಸ್ಟೆಲ್‌ಗಳಿಗೆ, ಜೆರಾಕ್ಸ್ ಆಗಿ ಒಬ್ಬರಿಂದ ಇನ್ನೊಬ್ಬರಿಗೆ ಸಾಗುತ್ತಿತ್ತು. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಇಂಗ್ಲಿಷ್ ಪತ್ರಿಕೆಯಲ್ಲೂ ಸಿಗದ ಪದಗಳನ್ನು ಕಾರ್ಡಿನ ಮೇಲೆ ಬರೆದು ಬಸ್ಸಿನಲ್ಲಿ ಉರುಹೊಡೆಯುತ್ತಿದ್ದರು. ಸಂದರ್ಭವಿಲ್ಲದ ಪದದ ಅರ್ಥ ಗೊತ್ತಿದ್ದರೆ ಉನ್ನತ ಶಿಕ್ಷಣಕ್ಕೆ ಯೋಗ್ಯರು ಎಂಬ ಆ ನಂಬಿಕೆ ಹೋದದ್ದು ಒಳ್ಳೆಯದಾಯಿತು. ವಾಕ್ಯ ಓದಿ, ಅರ್ಥ ಹಿಡಿದು ಖಾಲಿ ಜಾಗ ತುಂಬುವ ಈಗಿನ ಪ್ರಶ್ನೆಗಳು ಎಷ್ಟೋ ನ್ಯಾಯವಾದವು. ಪರದೆಯ ಮೇಲೆ ಕ್ಯಾಲ್ಕುಲೇಟರ್, ವಿಭಾಗದೊಳಗೆ ಹಿಂದೆ ಹೋಗಿ ಉತ್ತರ ತಿದ್ದುವ ಅವಕಾಶ ಬಂದದ್ದೂ ಆಗಲೇ.

2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಮನೆಯಲ್ಲೇ ಬರೆಯುವ ವ್ಯವಸ್ಥೆ ಬಂತು, ಇಂದಿಗೂ ಉಳಿದಿದೆ. ದೂರದ ಊರಿನವರಿಗೆ ಪ್ರಯಾಣದ ಖರ್ಚು ಉಳಿಯಿತು ನಿಜ. ಆದರೆ ಕೋಣೆಯಲ್ಲಿ ಒಬ್ಬರೇ ಇರಬೇಕು, ಬಾಗಿಲು ಕ್ಯಾಮೆರಾಕ್ಕೆ ಕಾಣಬೇಕು, ಇಂಟರ್‌ನೆಟ್ ಕಡಿಯಬಾರದು, ಲೆಕ್ಕ ಮಾಡಲು ಸಾಮಾನ್ಯ ಕಾಗದ ಬಳಸುವಂತಿಲ್ಲ, ಅಳಿಸಿ ಬರೆಯುವ ಚಿಕ್ಕ ಬಿಳಿಹಲಗೆ ಅಥವಾ ಪಾರದರ್ಶಕ ಹಾಳೆ ಬೇಕು. ಒಂದೇ ಕೋಣೆಯಲ್ಲಿ ಇಡೀ ಸಂಸಾರ ಇರುವ ಮನೆಗಳಿಗೆ, ಮಳೆಗಾಲದಲ್ಲಿ ಕರೆಂಟು ಹೋಗುವ ಊರುಗಳಿಗೆ ಈ ಅನುಕೂಲ ಹೆಸರಿಗೆ ಮಾತ್ರ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಕಳೆದೊಂದು ದಶಕದಲ್ಲಿ ಅಮೆರಿಕದ ಅನೇಕ ವಿಭಾಗಗಳು ಜಿಆರ್‌ಇ ಕಡ್ಡಾಯವಲ್ಲ ಎಂದವು. ಕಾರಣಗಳು ಗಟ್ಟಿಯಾಗಿಯೇ ಇವೆ. ಭೌತವಿಜ್ಞಾನಿಗಳಾದ ಕೇಸಿ ಮಿಲ್ಲರ್ ಮತ್ತು ಕೀವನ್ ಸ್ಟಾಸನ್ 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದು, ಈ ಅಂಕವನ್ನೇ ಜರಡಿಯಾಗಿಟ್ಟರೆ ಮಹಿಳೆಯರೂ ಅಲ್ಪಸಂಖ್ಯಾತರೂ ಹೊರಗುಳಿಯುತ್ತಾರೆ ಎಂದು ತೋರಿಸಿದರು. 2017ರಲ್ಲಿ ವಾಂಡರ್‌ಬಿಲ್ಟ್ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಜೀವವೈದ್ಯ ವಿಜ್ಞಾನ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನಗಳಲ್ಲಿ, ಯಾರು ಸಂಶೋಧನೆಯಲ್ಲಿ ಹೆಚ್ಚು ಸಾಧಿಸುತ್ತಾರೆ ಎಂಬುದನ್ನು ಜಿಆರ್‌ಇ ಅಂಕ ಹೇಳಲಾರದು ಎಂದು ಕಂಡುಬಂತು. ಮಿಷಿಗನ್ ವಿಶ್ವವಿದ್ಯಾಲಯ ತನ್ನ ಪಿಎಚ್.ಡಿ. ಪ್ರವೇಶದಿಂದ ಅದನ್ನು ತೆಗೆದೇಬಿಟ್ಟಿತು. ಅಲ್ಲಿನ ಸಮಾಜದ ಅಸಮಾನತೆಗೆ ಅಲ್ಲಿನವರು ಕಂಡುಕೊಂಡ ಉತ್ತರ ಇದು, ಅದನ್ನು ನಾನು ಗೌರವಿಸುತ್ತೇನೆ.

ಆದರೆ ಅಂಕ ತೆಗೆದಾಗ ಆಯ್ಕೆ ನಿಲ್ಲುವುದಿಲ್ಲ, ಬೇರೆ ಯಾವುದೋ ಆ ಜಾಗಕ್ಕೆ ಬರುತ್ತದೆ. ಬೆಳಗಾವಿಯ ವಿಟಿಯು ಅಡಿಯಲ್ಲಿ ಇನ್ನೂರರ ಆಸುಪಾಸು ಕಾಲೇಜುಗಳಿವೆ. ಅಮೆರಿಕದ ಪ್ರವೇಶ ಸಮಿತಿಯವರಿಗೆ ಐಐಎಸ್‌ಸಿ ಗೊತ್ತು, ಐಐಟಿ ಗೊತ್ತು, ಸುರತ್ಕಲ್‌ನ ಎನ್‌ಐಟಿಕೆ ಗೊತ್ತಿರಬಹುದು. ಹಾವೇರಿಯದೋ ರಾಯಚೂರಿನದೋ ಕಾಲೇಜಿನ ಹುಡುಗಿಯೊಬ್ಬಳ 8.9 ಸಿಜಿಪಿಎ ಬಂದರೆ ಅದನ್ನು ಹೇಗೆ ತೂಗುವುದು? ಜಿಆರ್‌ಇಯಲ್ಲಿ ಕ್ವಾಂಟ್ 168, ವರ್ಬಲ್ 160 ಎಂದಿದ್ದರೆ ಆ ಹುಡುಗಿಯ ಅರ್ಜಿಯನ್ನು ಇನ್ನೊಮ್ಮೆ ತೆರೆದು ನೋಡಲು ಒಂದು ಕಾರಣವಿರುತ್ತಿತ್ತು. ಅದಿಲ್ಲದಿದ್ದರೆ ಉಳಿಯುವುದು ಕಾಲೇಜಿನ ಹೆಸರು, ಸಂಶೋಧನಾ ಇಂಟರ್ನ್‌ಶಿಪ್, ಓದಿನ ಉದ್ದೇಶ ವಿವರಿಸುವ ಎಸ್‌ಒಪಿ, ಶಿಫಾರಸು ಪತ್ರ. ಇಂಟರ್ನ್‌ಶಿಪ್ ಸಿಗುವುದು ಬಹುಪಾಲು ಹೆಸರಿರುವ ಕಾಲೇಜಿನವರಿಗೆ. ಎಸ್‌ಒಪಿಯನ್ನು ದುಡ್ಡು ಕೊಟ್ಟು ತಿದ್ದಿಸಿಕೊಳ್ಳಲು ಕನ್ಸಲ್ಟೆನ್ಸಿಗಳಿವೆ. ಸ್ನಾತಕೋತ್ತರ ಹಂತದಲ್ಲಿ ಅಲ್ಲ, ಪದವಿ ಪ್ರವೇಶದ ಎಸ್‌ಎಟಿ ಪರೀಕ್ಷೆಯ ವಿಷಯದಲ್ಲಿ ಎಂಐಟಿ 2022ರಲ್ಲಿ ಇದೇ ಯೋಚನೆ ಮಾಡಿತು. ಅನುಕೂಲವಿಲ್ಲದ ಹಿನ್ನೆಲೆಯಿಂದ ಬಂದ ಪ್ರತಿಭಾವಂತರನ್ನು ಗುರುತಿಸಲು ಅಂಕ ನೆರವಾಗುತ್ತದೆ ಎಂದು ಹೇಳಿ, ಕೈಬಿಟ್ಟಿದ್ದ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್ ಅದೇ ದಾರಿ ಹಿಡಿಯಿತು. ಹೊರದೇಶದ ಸ್ನಾತಕೋತ್ತರ ವಿದ್ಯಾರ್ಥಿಗಳ ಬಗ್ಗೆಯೂ ಇಂಥ ಮರುಚಿಂತನೆ ನಡೆಯಲಿ ಎಂಬುದು ನನ್ನ ಆಸೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕ್ವಾಂಟ್‌ನಲ್ಲಿ ಪೂರ್ಣ 170 ಬಂದರೂ 99ನೇ ಪರ್ಸೆಂಟೈಲ್ ಸಿಗುವುದಿಲ್ಲ, ಅಷ್ಟು ಮಂದಿ ಆ ತುದಿಯಲ್ಲಿದ್ದಾರೆ. ಗಣಿತದಲ್ಲಿ ಗಟ್ಟಿಯಿರುವ ನಮ್ಮ ಎಂಜಿನಿಯರ್‌ಗಳು ಬೇರೆಯವರಿಗಿಂತ ಎದ್ದುಕಾಣುವುದು ವರ್ಬಲ್‌ನಲ್ಲಿ. ಅದಕ್ಕೆ ಪದಪಟ್ಟಿಗಿಂತ ದಿನವೂ ಒಂದು ಗಂಭೀರ ಲೇಖನ ಓದುವುದು ಹೆಚ್ಚು ಉಪಯೋಗ.

ಹಾಗಾದರೆ ಜಿಆರ್‌ಇ ಬರೆಯಬೇಕೇ ಬೇಡವೇ? ವಿಶ್ವವಿದ್ಯಾಲಯದ ಹೆಸರು ನೋಡಿ ತೀರ್ಮಾನಿಸಬೇಡಿ. ಒಂದೇ ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ವಿಭಾಗ ಕೇಳಬಹುದು, ಕಂಪ್ಯೂಟರ್ ಸೈನ್ಸ್ ಬೇಡವೆನ್ನಬಹುದು. ‘ಕಡ್ಡಾಯ’, ‘ಐಚ್ಛಿಕ’, ‘ಕಳಿಸಿದರೂ ನೋಡುವುದಿಲ್ಲ’ ಎಂಬ ಮೂರು ಬಗೆ ಇವೆ. ನೋಡುವುದಿಲ್ಲ ಎಂದವರಿಗೆ ಕಳಿಸಲು ದುಡ್ಡು ಸುರಿಯಬೇಡಿ. ಐಚ್ಛಿಕ ಎಂದ ಕಡೆ, ನಿಮ್ಮ ಕಾಲೇಜು ಹೊರಗೆ ಪರಿಚಿತವಲ್ಲದಿದ್ದರೆ ಮತ್ತು ಅಂಕ ಚೆನ್ನಾಗಿದ್ದರೆ ಕಳಿಸುವುದೇ ಲೇಸು. ಪರೀಕ್ಷೆಯ ಶುಲ್ಕದಲ್ಲೇ ನಾಲ್ಕು ಕಡೆಗೆ ಅಂಕಪಟ್ಟಿ ಉಚಿತವಾಗಿ ಹೋಗುತ್ತದೆ, ಆಮೇಲಿನ ಪ್ರತಿಯೊಂದಕ್ಕೂ ಬೇರೆ ಹಣ. ಆ ನಾಲ್ಕು ಹೆಸರನ್ನು ಪರೀಕ್ಷೆಗೆ ಹೋಗುವ ಮೊದಲೇ ನಿರ್ಧರಿಸಿಕೊಂಡಿರಬೇಕು. ಅಂಕ ಐದು ವರ್ಷ ಊರ್ಜಿತ, ಆದ್ದರಿಂದ ಕೆಲಸಕ್ಕೆ ಸೇರಿ ಎರಡು ವರ್ಷ ಬಿಟ್ಟು ಹೋಗುವವರೂ ಓದಿನ ಅಭ್ಯಾಸ ಇರುವಾಗಲೇ ಬರೆದಿಟ್ಟುಕೊಳ್ಳಬಹುದು.

ನಮ್ಮ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಬೇಡಿಕೆ. ಅಂಕದ ತೂಕ ಇಳಿದಷ್ಟೂ ನಿಮ್ಮ ಶಿಫಾರಸು ಪತ್ರದ ತೂಕ ಏರುತ್ತಿದೆ. “ನೀವೇ ಬರೆದು ತನ್ನಿ, ಸೈನ್ ಹಾಕ್ತೀನಿ” ಎನ್ನುವ ರೂಢಿ ಬಿಡಬೇಕು. ಪ್ರಾಮಾಣಿಕ, ಪರಿಶ್ರಮಿ, ಶಿಸ್ತಿನವಳು ಎಂಬ ಒಂದೇ ಅಚ್ಚಿನ ಪತ್ರ ಓದಿದ ಸಮಿತಿಗೆ ಆ ವಿದ್ಯಾರ್ಥಿನಿ ಯಾರೆಂದು ತಿಳಿಯುವುದೇ ಇಲ್ಲ. ಅವಳು ಅಂತಿಮ ವರ್ಷದ ಪ್ರಾಜೆಕ್ಟಿನಲ್ಲಿ ಕೆಟ್ಟ ಸೆನ್ಸರ್ ಅನ್ನು ಹೇಗೆ ಪತ್ತೆ ಮಾಡಿದಳು, ಲ್ಯಾಬಿನಲ್ಲಿ ಯಾವ ಪ್ರಶ್ನೆ ಕೇಳಿದಳು, ತರಗತಿಯ ಎಷ್ಟು ಮಂದಿಯ ನಡುವೆ ಎಲ್ಲಿ ನಿಲ್ಲುತ್ತಾಳೆ ಎಂಬುದನ್ನು ಸರಳ ಇಂಗ್ಲಿಷಿನಲ್ಲಿ ಒಂದು ಪುಟ ಬರೆದರೆ ಸಾಕು. ಬಹಳಷ್ಟು ಅರ್ಜಿಗಳ ಗಡುವು ಡಿಸೆಂಬರ್‌ನಲ್ಲಿ ಬರುತ್ತದೆ. ವಿದ್ಯಾರ್ಥಿಗಳು ಸೆಪ್ಟೆಂಬರ್‌ನಲ್ಲೇ ಬಂದು ಕೇಳಲಿ, ನೀವು ದೀಪಾವಳಿ ರಜೆಯಲ್ಲಿ ಬರೆದು ಮುಗಿಸಿ.