ರಾಜ್ಯವಳಿದರೂ ಉಳಿದ ದೇವಿ

ಗೇರುಸೊಪ್ಪದ ನಗರಬಸ್ತಿಕೇರಿಯಲ್ಲಿ ಚತುರ್ಮುಖ ಬಸದಿಯನ್ನು ಕಂಡಾಗ ನನ್ನನ್ನು ಕಾಡಿದುದು ಒಂದೇ ಪ್ರಶ್ನೆ: ರಾಜ್ಯವಳಿದ ಮೇಲೆ ಅದರ ದೇವತೆಗಳ ಗತಿಯೇನು?

16ನೆಯ ಶತಮಾನದಲ್ಲಿ ಇಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಬಳಿಕ ಆ ರಾಜ್ಯ ಕೆಳದಿಯ ನಾಯಕರ ವಶವಾಯಿತು. ಪೇಟೆಯಿದ್ದಲ್ಲಿ ಕಾಡು ಬೆಳೆಯಿತು. ಆದರೆ ಚಂದ್ರಪ್ರಭ ತೀರ್ಥಂಕರರ ಯಕ್ಷಿಯಾದ, ಮಹಿಷವಾಹಿನಿ ಜ್ವಾಲಾಮಾಲಿನಿಗೆ ಇಂದಿಗೂ ಇಲ್ಲಿ ಪೂಜೆ ಸಲ್ಲುತ್ತಿದೆ.

ದೂರದ ಮಣಿಪುರದ ಕಥೆಯೂ ಇಂಥದೇ. 18ನೆಯ ಶತಮಾನದಲ್ಲಿ ಅರಸ ಪಾಮ್‌ಹೈಬನು ವೈಷ್ಣವಮತವನ್ನು ಹಿಡಿದರೂ, ಮೈತೇಯಿ ಜನರು ತಮ್ಮ ವನದೇವತೆಗಳಾದ ‘ಉಮಂಗ್ ಲಾಯಿ’ಗಳನ್ನು ತೊರೆಯಲಿಲ್ಲ, ‘ಲಾಯಿ ಹರಾವೋಬ’ ಉತ್ಸವದಲ್ಲಿ ಇನ್ನೂ ಅವುಗಳ ಮುಂದೆ ನರ್ತಿಸುತ್ತಾರೆ.

ಅರಸರ ಆಶ್ರಯ ತಪ್ಪಿದರೂ, ದೀಪ ಹಚ್ಚುವ ಕೈಗಳಿರುವವರೆಗೆ ದೇವತೆಗೆ ನೆಲೆ ತಪ್ಪದೆಂಬುದು ನನಗೆ ಗೇರುಸೊಪ್ಪದಲ್ಲಿ ಮನದಟ್ಟಾಯಿತು.