ಮೊದಲು ಸಲಿಕೆ, ಆಮೇಲೆ ಸೈಕಲ್

ಬಿಎಂಎಕ್ಸ್ ರೇಸ್ ಮುಗಿಯಲು ಒಂದು ನಿಮಿಷವೂ ಬೇಕಿಲ್ಲ. ದಿಬ್ಬದ ತುದಿಯಲ್ಲಿ 8 ಮಂದಿ ಸವಾರರು ಗೇಟಿಗೆ ಮುಂದಿನ ಚಕ್ರ ಒತ್ತಿ ನಿಲ್ಲುತ್ತಾರೆ. ಗೇಟು ಬೀಳುತ್ತದೆ. 300-400 ಮೀಟರ್ ಉದ್ದಕ್ಕೂ ಮಣ್ಣಿನ ಉಬ್ಬು, ಓರೆ ತಿರುವು, ಮತ್ತೆ ಉಬ್ಬು. ಅಷ್ಟೇ! ಆದರೆ ಆ ಉಬ್ಬುಗಳು ತಾವಾಗಿ ಎದ್ದು ನಿಂತವಲ್ಲ. ಯಾರೋ ಮಣ್ಣು ಹೊತ್ತು, ನೀರು ಹಾಕಿ, ದಮ್ಮಸು ಬಡಿದು ನಿಲ್ಲಿಸಿದವು.

ಪಶ್ಚಿಮ ಕೆನಡಾದ ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ ಪ್ರಾಂತ್ಯಗಳಲ್ಲಿ ಆ 'ಯಾರೋ' ಹೆಚ್ಚಾಗಿ ಸವಾರರ ಅಪ್ಪ ಅಮ್ಮಂದಿರೇ. ಊರಿನ ಟ್ರ್ಯಾಕ್ ನಡೆಸುವುದು ಲಾಭದ ಉದ್ದೇಶವಿಲ್ಲದ ಕ್ಲಬ್. ಹೆಸರು ಬರೆದುಕೊಳ್ಳುವವರು, ಗೇಟು ಬೀಳಿಸುವವರು, ಬಿದ್ದ ಮಗುವನ್ನು ಎತ್ತುವವರು, ಯಾರಿಗೂ ಸಂಬಳವಿಲ್ಲ. ವ್ಯಾಂಕೂವರ್ ಕಡೆ ಶರತ್ಕಾಲದಿಂದ ಸುರಿಯುವ ಮಳೆ ಟ್ರ್ಯಾಕನ್ನು ಕೊಚ್ಚಿ ಹಾಕುತ್ತದೆ, ಆಲ್ಬರ್ಟಾದಲ್ಲಿ ಹಿಮ ತಿಂಗಳುಗಟ್ಟಲೆ ಮುಚ್ಚಿಡುತ್ತದೆ. ಹಾಗಾಗಿ ಪ್ರತಿ ವಸಂತದಲ್ಲೂ ಮೊದಲು ಹೊರಬರುವುದು ಸೈಕಲ್ ಅಲ್ಲ, ಸಲಿಕೆ.

ಈ ಆಟ ಹುಟ್ಟಿದ್ದು 1970ರ ಸುಮಾರಿಗೆ, ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಮೋಟೊಕ್ರಾಸ್ ಬೈಕ್ ಕೊಳ್ಳಲಾಗದ ಹುಡುಗರು 20 ಇಂಚು ಚಕ್ರದ ಪುಟ್ಟ ಸೈಕಲ್‌ನಲ್ಲೇ ಅದರ ಅನುಕರಣೆ ಮಾಡಿದರು. ತಮಾಷೆಯೆಂದರೆ, ಬಿಎಂಎಕ್ಸ್ ಪ್ರಿಯರು ಇಂದಿಗೂ ತಲೆಯ ಮೇಲೆ ಹೊತ್ತು ಮೆರೆಸುವ ಹಾಲಿವುಡ್ ಸಿನಿಮಾ 'ರ‍್ಯಾಡ್' (1986) ಚಿತ್ರೀಕರಣವಾದದ್ದು ಕ್ಯಾಲಿಫೋರ್ನಿಯಾದಲ್ಲಲ್ಲ, ಆಲ್ಬರ್ಟಾದ ಕಾಕ್ರೇನ್ ಮತ್ತು ಕ್ಯಾಲ್ಗರಿಯಲ್ಲಿ. ಚಿತ್ರಮಂದಿರದಲ್ಲಿ ಅದು ಮಕಾಡೆ ಮಲಗಿತು. ಆಮೇಲೆ ವಿಡಿಯೊ ಕ್ಯಾಸೆಟ್ ಬಾಡಿಗೆಗೆ ತಂದು ಹುಡುಗರು ಅದನ್ನು ಮತ್ತೆ ಮತ್ತೆ ನೋಡಿದರು. ಕಥೆ ಏನೂ ದೊಡ್ಡದಲ್ಲ ಬಿಡಿ, ಆ ಟ್ರ್ಯಾಕ್ ನೋಡಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ.

ರೇಸ್ ಬಿಟ್ಟು ಇನ್ನೊಂದು ಲೋಕವಿದೆ. ಅದಕ್ಕೆ ಗೇಟೂ ಇಲ್ಲ, ಟೈಮಿಂಗೂ ಇಲ್ಲ. ಊರಂಚಿನ ಮರಗಳ ನಡುವೆ ಗೆಳೆಯರ ಗುಂಪೊಂದು ಮಣ್ಣು ಗುಡ್ಡೆ ಹಾಕಿ ಸಾಲು ಸಾಲು ಜಂಪ್ ಕಟ್ಟುತ್ತದೆ. ಒಂದರಿಂದ ಹಾರಿ ಇಳಿದ ವೇಗ ಮುಂದಿನದಕ್ಕೆ ಸಾಕಾಗಬೇಕು. ಇಳಿಜಾರಿನ ಕೋನ ತುಸು ತಪ್ಪಿದರೂ ಮೂಳೆ ಮುರಿಯುತ್ತದೆ. ಕಾಲೇಜಿನಲ್ಲಿ ಪ್ರೊಜೆಕ್ಟೈಲ್ ಲೆಕ್ಕ ಬಿಡಿಸುವ ನಾವು ಉತ್ತರ ತಪ್ಪಿದರೆ ಅಂಕ ಕಳೆದುಕೊಳ್ಳುತ್ತೇವೆ, ಅಷ್ಟೇ. ಅವರು ಅದೇ ಲೆಕ್ಕವನ್ನು ಸಲಿಕೆಯಲ್ಲಿ ಬಿಡಿಸುತ್ತಾರೆ, ಪರೀಕ್ಷೆಗೆ ತಾವೇ ಕೂರುತ್ತಾರೆ. ಅಲ್ಲಿ ಒಂದೇ ಕಟ್ಟಳೆ: ಅಗೆಯದವನಿಗೆ ಸವಾರಿಯಿಲ್ಲ. ಜಗತ್ತಿನಾದ್ಯಂತ ಇಂಥ ಜಂಪ್ ಕಟ್ಟುವವರೆಲ್ಲ ಪಾಲಿಸುವ ಮಾತು ಇದು.

ತೊಡಕಿರುವುದು ಜಾಗದ್ದು. ಭೂಮಿ ನಗರಾಡಳಿತದ್ದು, ಅನುಮತಿ ಇರುವುದಿಲ್ಲ. ಯಾರಾದರೂ ಬಿದ್ದು ಕೇಸು ಹಾಕಿದರೆ ಹೊಣೆ ಯಾರದು ಎಂಬ ಪ್ರಶ್ನೆ ಎದ್ದೊಡನೆ ಬುಲ್ಡೋಜರ್ ಬರುತ್ತದೆ. ತಿಂಗಳುಗಳ ಬೆವರು ಒಂದೇ ಬೆಳಗಿಗೆ ಸಪಾಟು. ಸ್ಕೇಟ್‌ಪಾರ್ಕ್‌ಗೆ ಹೋಗೋಣವೆಂದರೆ ಕೆಲವು ಕಡೆ ಸೈಕಲ್‌ಗೆ ಪ್ರವೇಶವಿಲ್ಲವೆಂಬ ಫಲಕ. ಕ್ಯಾಲ್ಗರಿಯಲ್ಲಿ 2000ದಲ್ಲಿ ತೆರೆದ ಮಿಲೇನಿಯಂ ಪಾರ್ಕ್‌ನಂಥ ವಿಶಾಲ ಜಾಗ ಎಲ್ಲ ಊರಿಗೂ ಸಿಗುವುದಿಲ್ಲ. ಕಾನೂನು ಆಡಳಿತದ ಪರವಾಗಿರಬಹುದು. ಆದರೂ ಕೂಲಿ ಕೇಳದೆ ಮಣ್ಣು ಹೊರುವ ಹುಡುಗರು ಸಿಕ್ಕಾಗ ಅವರನ್ನು ಓಡಿಸುವುದಕ್ಕಿಂತ ಒಂದು ಮೂಲೆ ಬಿಟ್ಟುಕೊಡುವುದೇ ಅಗ್ಗ ಎಂದು ನನಗನ್ನಿಸುತ್ತದೆ.

ಏಕೆಂದರೆ ಇಂಥ ಮೂಲೆಗಳಿಂದ ಬಂದವರು ಕಡಿಮೆಯಿಲ್ಲ. ಬಿಎಂಎಕ್ಸ್ ರೇಸ್ ಒಲಿಂಪಿಕ್ಸ್ ಸೇರಿದ್ದು 2008ರಲ್ಲಿ. ವ್ಯಾಂಕೂವರ್ ಪಕ್ಕದ ಕೊಕ್ವಿಟ್ಲಮ್‌ನ ಟೋರಿ ನೈಹಾಗ್ 2012ರ ಲಂಡನ್ ಒಲಿಂಪಿಕ್ಸ್‌ಗೆ ಕೆಲವೇ ವಾರಗಳ ಮುಂಚೆ ಬಿದ್ದು, ಗುಲ್ಮವನ್ನೇ ತೆಗೆಸಿಕೊಳ್ಳಬೇಕಾಯಿತು. ಆದರೂ ಲಂಡನ್‌ನಲ್ಲಿ ಗೇಟಿಗೆ ಬಂದು ನಿಂತರು. 2016ರ ರಿಯೊದಲ್ಲಿ 5ನೆಯ ಸ್ಥಾನ ಪಡೆದರು.

ನನಗೆ ಹೆಚ್ಚು ಇಷ್ಟವಾದವರು ಜೇ ಮೈರಾನ್. ಥಂಡರ್ ಬೇಯಿಂದ ವ್ಯಾಂಕೂವರ್‌ಗೆ ಬಂದ ಅವರನ್ನು ಜನ 'ಕೆನಡಿಯನ್ ಬೀಸ್ಟ್' ಎಂದೇ ಕರೆದರು. ಬರೀ ಗೆಲ್ಲುವುದರಲ್ಲಿ ಅವರಿಗೆ ತೃಪ್ತಿಯಿರಲಿಲ್ಲವೇನೋ. ಮ್ಯಾಕ್‌ನೀಲ್ ಎಂಬ ಸೈಕಲ್ ಕಂಪನಿ ಕಟ್ಟಿದರು, ಮೆಟ್ರೊ ಜ್ಯಾಮ್ ಎಂಬ ಸ್ಪರ್ಧೆ ನಡೆಸಿ ಸವಾರರನ್ನು ತಮ್ಮೂರಿಗೇ ಕರೆಸಿದರು. ಸೈಕಲ್ ಬದಿಗಿಟ್ಟ ಮೇಲೆ ಅವರು ಹಿಡಿದದ್ದು ಬಡಗಿಯ ಕೆಲಸ. ಈಗ ಮರದ ಪೀಠೋಪಕರಣ ತಯಾರಿಸುವವರೆಂದೂ ಅವರಿಗೆ ಹೆಸರಿದೆ.