ಸತ್ತ ಮೇಲೂ ಮುಗಿಯದ ಯುದ್ಧ

ನಿಮ್ಮ ಮನೆ ಹುಡುಗರು ಮೊಬೈಲ್‌ನಲ್ಲಿ ‘ಡ್ರಿಫ್ಟರ್ಸ್’ ಅನ್ನೋ ಜಪಾನಿ ಅನಿಮೆ ನೋಡ್ತಾ ಇರಬಹುದು. 2016ರಲ್ಲಿ ಬಂದದ್ದು. 1600ರ ಸೆಕಿಗಹಾರ ಕದನದಲ್ಲಿ ಸೋತ ಪಕ್ಷದ ವೀರ ಶಿಮಾಜು ತೊಯೊಹಿಸಾ, ಮೈತುಂಬ ಗಾಯ ಆಗಿ ಸಾಯೋ ಹೊತ್ತಿಗೆ ಸಾಲು ಬಾಗಿಲುಗಳ ಒಂದು ಓಣಿಗೆ ಬಂದು ನಿಲ್ತಾನೆ. ಅಲ್ಲಿಂದ ಸೀದಾ ಇನ್ನೊಂದು ಲೋಕ! ಅಲ್ಲೂ ಯುದ್ಧ. 1582ರಲ್ಲಿ ತನ್ನ ಸೇನಾಪತಿಯ ದ್ರೋಹಕ್ಕೆ ಬಲಿಯಾದ ಓಡಾ ನೊಬುನಾಗ ಕೂಡ ಅಲ್ಲಿ ಆಗಲೇ ಹಾಜರ್.

ಇದೇನು ವಿಚಿತ್ರ ಕಲ್ಪನೆ ಅಂತೀರಾ? ಕೊಪ್ಪಳ ಜಿಲ್ಲೆಯವರು ಹಾಗನ್ನಬಾರದು. ಗಂಗಾವತಿ ಸೀಮೆಯ ಕುಮ್ಮಟದುರ್ಗದ ಕುಮಾರರಾಮನಿಗೆ ನಮ್ಮ ಹಾಡುಗಾರರು ಮಾಡಿದ್ದೂ ಇದನ್ನೇ ಅಲ್ವಾ?

ಮೊದಲು ಇತಿಹಾಸ ನೋಡಿ. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್. ಅವನ ಹತ್ತಿರದ ಸಂಬಂಧಿ ಬಹಾವುದ್ದೀನ್ ಗುರ್‌ಶಾಸ್ಪ್, ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿ. ಬಂಡಾಯ ಎದ್ದ, ಸೋತ, ಓಡಿ ಬಂದು ಕಂಪಿಲರಾಯನ ಆಶ್ರಯ ಕೇಳಿದ. ಕಂಪಿಲ, ಅಂದ್ರೆ ಕುಮಾರರಾಮನ ತಂದೆ, ಅವನನ್ನ ಬಿಟ್ಟುಕೊಡಲಿಲ್ಲ. ಸುಲ್ತಾನನ ದಂಡು ಬಂತು. ಕೊನೆ ಹತ್ತಿರ ಬಂದಾಗಲೂ ಅತಿಥಿಯನ್ನ ಹೊಯ್ಸಳ ಬಲ್ಲಾಳನ ಹತ್ತಿರ ಸುರಕ್ಷಿತವಾಗಿ ಕಳಿಸಿ, ಆಮೇಲೆ ತಾನು ಹೋರಾಡಿ ಸತ್ತ. 1327ರ ಸುಮಾರಿಗೆ ರಾಜ್ಯ ಮುಗೀತು. ಬಲ್ಲಾಳ ಆ ಅತಿಥಿಯನ್ನ ದೆಹಲಿಗೆ ಒಪ್ಪಿಸಿಬಿಟ್ಟ, ಆ ಮಾತು ಬೇರೆ.

ಈಗ ಕಾವ್ಯಕ್ಕೆ ಬನ್ನಿ. ನಂಜುಂಡ ಕವಿಯ ಸಾಂಗತ್ಯದಲ್ಲಿ ಚಿಕ್ಕತಾಯಿ ರತ್ನಾಜಿ ರಾಮನ ಮೇಲೆ ಮನಸ್ಸಿಟ್ಟು, ಅವನು ಒಪ್ಪದಿದ್ದಾಗ ಸುಳ್ಳು ದೂರು ಕೊಡ್ತಾಳೆ. ತಲೆ ತೆಗೀರಿ ಅಂತ ಅಪ್ಪಣೆ. ಮಂತ್ರಿ ಬೈಚಪ್ಪ ರಾಮನನ್ನ ನೆಲಮಾಳಿಗೆಯಲ್ಲಿ ಬಚ್ಚಿಟ್ಟು ಬೇರೆ ತಲೆ ತೋರಿಸ್ತಾನೆ. ಊರಿಗೆಲ್ಲ ರಾಮ ಸತ್ತ. ಆಮೇಲೆ ತುರುಕರ ದಂಡು ಬಂದಾಗ ಆ ‘ಸತ್ತವನೇ’ ಎದ್ದು ಬಂದು ರಣಕ್ಕಿಳೀತಾನೆ! ಜಪಾನಿನ ಓಣಿಯೂ ಒಂದೇ, ಬೈಚಪ್ಪನ ನೆಲಮಾಳಿಗೆಯೂ ಒಂದೇ. ಕೊನೆಗೆ ರಾಮ ಮಡೀತಾನೆ. ಆದರೂ ಕಥೆ ನಿಲ್ಲಲ್ಲ. ಮಲೆನಾಡಿನ ಸಾಗರ, ಸೊರಬದ ಕಡೆ ಅವನ ಮರದ ತಲೆಗಳಿಗೆ ಪೂಜೆ ನಡೆಯುತ್ತೆ.

ಹಾಡುಗಾರರನ್ನ ನಾನು ದೂರಲ್ಲ. ಸೋತ ನಾಡಿಗೆ ಅಂಥ ಮಗ ಬೇಕಿತ್ತು. ನನ್ನ ತಕರಾರು ನಮ್ಮ ಮೇಲೆ. ರತ್ನಾಜಿ ಪ್ರಸಂಗ ನಮಗೆಲ್ಲ ಬಾಯಿಪಾಠ. 2006ರಲ್ಲಿ ಶಿವರಾಜ್‌ಕುಮಾರ್ ಸಿನಿಮಾ ಕೂಡ ಬಂತು. ಆದರೆ ಮೊರೆ ಬಂದ ಒಬ್ಬ ಮುಸ್ಲಿಂ ಬಂಡಾಯಗಾರನಿಗಾಗಿ ಒಬ್ಬ ಹಿಂದೂ ರಾಜ ರಾಜ್ಯವನ್ನೇ ಕೊಟ್ಟ ಅನ್ನೋದನ್ನ ಎಷ್ಟು ಜನ ಹೇಳ್ತೀವಿ? ಕುಮ್ಮಟದ ಹೆಸರಲ್ಲಿ ಎರಡು ಧರ್ಮಗಳ ಜಗಳ ಹಚ್ಚೋರಿಗೆ ಈ ಭಾಗ ಬೇಕಾಗಿಲ್ಲ.

ಇನ್ನೂ ಒಂದು ಸಂಗತಿ. ಪ್ರವಾಸಿ ಇಬ್ನ್ ಬತೂತ ಬರೆಯುವ ಪ್ರಕಾರ ಕಂಪಿಲನ 11 ಮಕ್ಕಳು ಸೆರೆಯಾಗಿ, ಮತಾಂತರವಾಗಿ, ಸುಲ್ತಾನನ ಆಸ್ಥಾನದಲ್ಲೇ ಗೌರವದ ಸ್ಥಾನ ಪಡೆದರು. ಅವರಲ್ಲಿ ಮೂವರನ್ನ ಅವನೇ ಕಂಡಿದ್ದ. ಕುಮ್ಮಟದಲ್ಲಿ ಹುಟ್ಟಿ ದೆಹಲಿಯಲ್ಲಿ ಬದುಕಿದ ಆ ಹುಡುಗರು ನಿಜವಾಗಿ ಬೇರೊಂದು ಲೋಕಕ್ಕೆ ಹೋದವರು. ಅವರು ಬಿಟ್ಟು ಹೋದ ಬೆಟ್ಟ ಜಬ್ಬಲಗುಡ್ಡದ ಹತ್ತಿರವೇ ಇದೆ, ಹತ್ತಿದ್ರೆ ಕೋಟೆ ಗೋಡೆ ಇವತ್ತಿಗೂ ಕಾಣುತ್ತೆ.